ಕ್ರೋನಿಯೆ, ಅಜರ್ ಸಹಿ ಇರುವ ಬ್ಯಾಟ್: ಹೆಸರು ಕೆಟ್ಟರೆ ಬೆಲೆಯೂ ಕೆಡುತ್ತದಾ?

ಪ್ರಶ್ನೆ: ನಮ್ಮ ತಂದೆ ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದರು, ಕ್ಲಬ್ ಕ್ರಿಕೆಟ್ ಆಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿ ಒಂದು ಬ್ಯಾಟ್ ಸಿಕ್ಕಿತು. 2000ದ ಮಾರ್ಚ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ನಡೆದ ಭಾರತ–ದಕ್ಷಿಣ ಆಫ್ರಿಕಾ ಟೆಸ್ಟ್ ಸಮಯದಲ್ಲಿ ಎರಡೂ ತಂಡಗಳವರಿಂದ ಸಹಿ ಹಾಕಿಸಿದ್ದು. ಸಚಿನ್, ದ್ರಾವಿಡ್, ಕುಂಬ್ಳೆ, ಕಾಲಿಸ್ ಹೆಸರುಗಳಿವೆ. ಜೊತೆಗೆ ಅಜರುದ್ದೀನ್ ಮತ್ತು ಆಗಿನ ದಕ್ಷಿಣ ಆಫ್ರಿಕಾ ನಾಯಕ ಹ್ಯಾನ್ಸಿ ಕ್ರೋನಿಯೆ ಸಹಿಗಳೂ ಇವೆ. ಮ್ಯಾಚ್ ಫಿಕ್ಸಿಂಗ್‌ನಲ್ಲಿ ಸಿಕ್ಕಿಬಿದ್ದವರ ಹೆಸರು ಇದ್ದರೆ ಯಾರೂ ಕೊಳ್ಳುವುದಿಲ್ಲ, ಸ್ಪಿರಿಟ್ ಹಾಕಿ ಆ ಎರಡನ್ನು ಒರೆಸಿಬಿಡೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಸ್ವಲ್ಪ ವರ್ಷ ಕಾದರೆ ಜನ ಮರೆಯುತ್ತಾರೆ, ಆಮೇಲೆ ಮಾರೋಣ ಅಂತ ನನ್ನ ಯೋಚನೆ. ಅಪ್ಪನ ಹಳೆಯ ಆಟೋಗ್ರಾಫ್ ಪುಸ್ತಕದ ಒಂದು ಹಾಳೆಯಲ್ಲಿ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಸಹಿಗಳೂ ಇವೆ. ಇವನ್ನೆಲ್ಲ ಏನು ಮಾಡಬೇಕು? ಆಟಗಾರನ ಹೆಸರು ಕೆಟ್ಟರೆ ಅವನ ಸಹಿಯ ಬೆಲೆ ಎಷ್ಟು ಇಳಿಯುತ್ತದೆ?

ಉತ್ತರ: ದಯವಿಟ್ಟು ಯಾವ ಹೆಸರನ್ನೂ ಒರೆಸಬೇಡಿ. ಇಷ್ಟನ್ನು ಇವತ್ತೇ ಅಣ್ಣನಿಗೆ ಹೇಳಿಬಿಡಿ, ಉಳಿದದ್ದನ್ನು ಇಬ್ಬರೂ ಕೂತು ನಿಧಾನವಾಗಿ ಓದಿ.

ಆ ಎರಡು ಹೆಸರುಗಳಿಂದ ಬ್ಯಾಟ್ ಹಾಳಾಗಿದೆ ಎಂದು ಅಣ್ಣ ಅಂದುಕೊಂಡಿದ್ದಾರೆ. ನಾನು ನೋಡುವ ಬಗೆಯಲ್ಲಿ, ಸಹಿ ಹಾಕಿದ ಬೇರೆ ನೂರಾರು ಬ್ಯಾಟುಗಳ ನಡುವೆ ನಿಮ್ಮದನ್ನು ಎದ್ದು ಕಾಣುವಂತೆ ಮಾಡಿರುವುದೇ ಅವು.

ಆ ಟೆಸ್ಟನ್ನು ಒಮ್ಮೆ ನೆನಪಿಸಿಕೊಳ್ಳಿ. ಮಾರ್ಚ್ 2ರಿಂದ 6ರವರೆಗೆ ನಡೆಯಿತು. ಸಚಿನ್ ನಾಯಕ. ನಾವು ಇನಿಂಗ್ಸ್ ಮತ್ತು 71 ರನ್‌ಗಳಿಂದ ಸೋತೆವು, ಸರಣಿಯೂ 2–0ರಲ್ಲಿ ಕೈಬಿಟ್ಟಿತು. ಎರಡನೇ ಇನಿಂಗ್ಸ್‌ನಲ್ಲಿ ಅಜರ್ 102 ರನ್ ಹೊಡೆದರು. ಅದು ಅವರ 99ನೇ ಟೆಸ್ಟ್. ನೂರನೆಯದು ಬರಲೇ ಇಲ್ಲ. ಕ್ರೋನಿಯೆಗೂ ಅದೇ ಕೊನೆಯ ಟೆಸ್ಟ್. ಆಟ ನೋಡಲು ಬಂದಿದ್ದ ಯಾರಿಗೂ ಆಗ ಇದು ಗೊತ್ತಿರಲಿಲ್ಲ. ಏಪ್ರಿಲ್ 7ಕ್ಕೆ ದೆಹಲಿ ಪೊಲೀಸರು ಕ್ರೋನಿಯೆ ಮತ್ತು ಬುಕ್ಕಿಯೊಬ್ಬನ ನಡುವಿನ ಫೋನ್ ಮಾತುಕತೆಯ ಸುದ್ದಿ ಹೊರಗೆ ಹಾಕಿದರು. ನಾಲ್ಕೇ ದಿನದಲ್ಲಿ ಕ್ರೋನಿಯೆ ನಾಯಕತ್ವ ಹೋಯಿತು. ಅಕ್ಟೋಬರ್‌ನಲ್ಲಿ ಅವರಿಗೆ ಆಜೀವ ನಿಷೇಧ ಬಿತ್ತು. ಡಿಸೆಂಬರ್‌ನಲ್ಲಿ ಬಿಸಿಸಿಐ ಅಜರ್ ಮೇಲೆ ಆಜೀವ ನಿಷೇಧ ಹಾಕಿತು.

ಇನ್ನೊಂದು ವಿಷಯವೂ ಇದೆ. ಈ ಹಗರಣದ ವಿಚಾರಣೆ ನಡೆಸಿದ ದಕ್ಷಿಣ ಆಫ್ರಿಕಾದ ಕಿಂಗ್ ಆಯೋಗದ ಮುಂದೆ ಬಂದ ಹೇಳಿಕೆಗಳ ಪ್ರಕಾರ, ಇದೇ ಬೆಂಗಳೂರು ಟೆಸ್ಟ್‌ಗೆ ಮುಂಚೆ ಕ್ರೋನಿಯೆ ತಮ್ಮ ತಂಡದ ಕಾಲಿಸ್, ಕ್ಲೂಸ್ನರ್, ಬೌಚರ್ ಹತ್ತಿರ ಹಣದ ಮಾತು ತೆಗೆದಿದ್ದರು. ಅವರು ಒಪ್ಪಲಿಲ್ಲ. ನಿಮ್ಮ ಬ್ಯಾಟಿನ ಮೇಲೆ ಕಾಲಿಸ್ ಸಹಿಯೂ ಇದೆ ಅಲ್ವಾ? ಕೇಳಿದವರು, ಬೇಡ ಅಂದವರು, ಏನೂ ಗೊತ್ತಿಲ್ಲದೆ ಎದುರು ತಂಡದಲ್ಲಿ ಆಡಿದ ದ್ರಾವಿಡ್, ಕುಂಬ್ಳೆ, ಎಲ್ಲರೂ ಒಂದೇ ಮರದ ತುಂಡಿನ ಮೇಲೆ ಇದ್ದಾರೆ. ಇಂಥ ವಸ್ತು ಸುಲಭವಾಗಿ ಸಿಗುವುದಿಲ್ಲ. ಆ ಎರಡು ಹೆಸರು ಒರೆಸಿದರೆ ಉಳಿಯುವುದು ನಾವು ಸೋತ ಒಂದು ಟೆಸ್ಟಿನ ಬ್ಯಾಟ್, ಅದರ ಮೇಲೆ ಎರಡು ಮಸಿಯ ಕಲೆ. ಕಲೆ ಕಂಡ ಕೂಡಲೇ ಕೊಳ್ಳುವವರು ಇಲ್ಲಿ ಏನಿತ್ತು ಅಂತ ಕೇಳುತ್ತಾರೆ. ಆಮೇಲೆ ಉಳಿದ ಸಹಿಗಳ ಮೇಲೂ ಅನುಮಾನ ಶುರುವಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹೆಸರು ಕೆಟ್ಟರೆ ಬೆಲೆ ಎಷ್ಟು ಇಳಿಯುತ್ತದೆ? ಇದಕ್ಕೆ ಶೇಕಡಾ ಲೆಕ್ಕ ಇಲ್ಲ. ಕೊಳ್ಳುವವರು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಈ ಮಾರುಕಟ್ಟೆಗೆ ಎರಡು ಥರದ ಜನ ಬರುತ್ತಾರೆ. ಒಬ್ಬರು ಅಭಿಮಾನಿಗಳು. ತಮ್ಮ ಹೀರೋನ ಫೋಟೊವನ್ನು ಹಾಲ್‌ನಲ್ಲಿ ನೇತು ಹಾಕಬೇಕು, ಮಗನಿಗೆ ತೋರಿಸಬೇಕು ಅನ್ನುವವರು. ಹೀರೋ ಬಿದ್ದ ದಿನ ಇವರು ಮಾರುಕಟ್ಟೆಯಿಂದ ಎದ್ದು ಹೋಗುತ್ತಾರೆ. ಇನ್ನೊಬ್ಬರು ಚರಿತ್ರೆಯನ್ನು ಕೂಡಿಡುವವರು. ಇವರಿಗೆ ಆಟಗಾರ ಒಳ್ಳೆಯವನಾ ಕೆಟ್ಟವನಾ ಅನ್ನುವುದಕ್ಕಿಂತ, ಅವನು ಆಟದ ಕಥೆಯಲ್ಲಿ ಎಲ್ಲಿ ನಿಂತಿದ್ದಾನೆ ಅನ್ನುವುದು ಮುಖ್ಯ. ಇವರ ಸಂಖ್ಯೆ ಕಡಿಮೆ. ಆದರೆ ಇವರು ಎದ್ದು ಹೋಗುವುದಿಲ್ಲ.

ಹಾಗಾಗಿ ಅಜರ್ ಒಬ್ಬರೇ ಸಹಿ ಹಾಕಿದ ಒಂದು ಸಾಧಾರಣ ಫೋಟೊ ನಿಮ್ಮ ಹತ್ತಿರ ಇದ್ದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಅದನ್ನು ಕೊಳ್ಳುವವನು ಅಭಿಮಾನಿ ಮಾತ್ರ. ಅಭಿಮಾನ ಕಡಿಮೆಯಾದರೆ ಬೆಲೆಯೂ ಕಡಿಮೆಯಾಗುತ್ತದೆ. ನಿಮ್ಮ ಬ್ಯಾಟ್ ಒಂದು ಘಟನೆಗೆ ಸೇರಿದ್ದು. ಅದನ್ನು ಕೊಳ್ಳುವವನು ಎರಡನೇ ಥರದವನು.

ಬರೀ ದಾಖಲೆಯ ಮೇಲೆ ನಿಂತ ಬೆಲೆ ಹೇಗೆ ಕುಸಿಯುತ್ತದೆ ಅನ್ನುವುದಕ್ಕೆ ಅಮೆರಿಕದ ಬೇಸ್‌ಬಾಲ್ ಚೆಂಡುಗಳ ಕಥೆ ನೋಡಿ. 1998ರಲ್ಲಿ ಮಾರ್ಕ್ ಮೆಕ್‌ಗ್ವೈರ್ ಒಂದೇ ಸೀಸನ್‌ನಲ್ಲಿ 70 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದರು. ಆ 70ನೇ ಚೆಂಡನ್ನು ಮರುವರ್ಷ ಸುಮಾರು 30 ಲಕ್ಷ ಡಾಲರ್‌ಗೆ ಕಾಮಿಕ್ಸ್ ಕಲಾವಿದ ಟಾಡ್ ಮೆಕ್‌ಫಾರ್ಲೇನ್ ಕೊಂಡರು. ಮೂರೇ ವರ್ಷದಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆದು ದಾಖಲೆ ಮುರಿದರು. ಆ 73ನೇ ಚೆಂಡು 2003ರಲ್ಲಿ ಹರಾಜಿಗೆ ಬಂದಾಗ ಅದನ್ನೂ ಮೆಕ್‌ಫಾರ್ಲೇನ್ ಅವರೇ ಕೊಂಡರು. ಈ ಸಲ ಬೆಲೆ 4.5 ಲಕ್ಷ ಡಾಲರ್. ದಾಖಲೆ ದೊಡ್ಡದು, ಬೆಲೆ ಚಿಕ್ಕದು! ಹೀಗಾಗಲು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ದಾಖಲೆಗಳು ಬೇಗ ಬೇಗ ಮುರಿಯುತ್ತಿದ್ದರೆ ಹೊಸತನ ಹೋಗುತ್ತದೆ. ಅದರ ಜೊತೆಗೆ ಸ್ಟೆರಾಯ್ಡ್, ಅಂದರೆ ಸ್ನಾಯುಬಲ ಹೆಚ್ಚಿಸುವ ಔಷಧದ ಅನುಮಾನವೂ ಸೇರಿತ್ತು. 2010ರಲ್ಲಿ ಮೆಕ್‌ಗ್ವೈರ್ ತಾವು ಸ್ಟೆರಾಯ್ಡ್ ತೆಗೆದುಕೊಂಡಿದ್ದು ನಿಜ ಅಂತ ಒಪ್ಪಿಕೊಂಡರು. ಮೊದಲ ಚೆಂಡಿಗೆ ಕೊಟ್ಟ 30 ಲಕ್ಷ ಡಾಲರ್ ಒಬ್ಬ ಹೀರೋ ಮೇಲಿನ ನಂಬಿಕೆಗೆ ಕೊಟ್ಟ ಬೆಲೆಯಾಗಿತ್ತು.

ಅದೇ ಬಾಂಡ್ಸ್ 2007ರಲ್ಲಿ ಹೊಡೆದು ಜೀವಮಾನದ ದಾಖಲೆ ಮಾಡಿದ 756ನೇ ಹೋಮ್ ರನ್ನಿನ ಚೆಂಡಿನ ಗತಿ ಇನ್ನೂ ವಿಚಿತ್ರ. ಬಟ್ಟೆ ವಿನ್ಯಾಸಕ ಮಾರ್ಕ್ ಎಕೊ ಅದನ್ನು 7,52,467 ಡಾಲರ್ ಕೊಟ್ಟು ಕೊಂಡರು. ಇದನ್ನು ಏನು ಮಾಡಲಿ ಅಂತ ಇಂಟರ್ನೆಟ್‌ನಲ್ಲಿ ಜನರನ್ನೇ ಕೇಳಿದರು. ಜನ ಹೇಳಿದಂತೆ ಚೆಂಡಿನ ಮೇಲೆ ನಕ್ಷತ್ರದ ಗುರುತು, ಅಂದರೆ ಈ ದಾಖಲೆಯ ಮೇಲೆ ಅನುಮಾನ ಇದೆ ಅನ್ನುವ ಗುರುತು ಒತ್ತಿಸಿ, ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಮ್ಯೂಸಿಯಂಗೆ ಕೊಟ್ಟರು. ಕಳಂಕವನ್ನು ಒರೆಸಲಿಲ್ಲ, ಚೆಂಡಿನ ಮೇಲೆಯೇ ಬರೆಸಿದರು. ನಿಮ್ಮ ಅಣ್ಣನಿಗೆ ಈ ಚೆಂಡಿನ ಕಥೆ ಹೇಳಿ.

ಕಳಂಕ ಎಲ್ಲರಿಗೂ ಒಂದೇ ರೀತಿ ಅಂಟುವುದಿಲ್ಲ. ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್ ನೋಡಿ. 1994ರಲ್ಲಿ ಬುಕ್ಕಿಯೊಬ್ಬನಿಗೆ ಪಿಚ್, ಹವಾಮಾನದ ಮಾಹಿತಿ ಕೊಟ್ಟು ಹಣ ತೆಗೆದುಕೊಂಡಿದ್ದರು. ಆ ಸುದ್ದಿ 1998ರಲ್ಲಿ ಹೊರಬಿತ್ತು. 2003ರಲ್ಲಿ ನಿಷೇಧಿತ ಮಾತ್ರೆ ನುಂಗಿ ಒಂದು ವರ್ಷ ಆಟದಿಂದ ಹೊರಗಿದ್ದರು. ಆದರೂ 2020ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಸಂತ್ರಸ್ತರಿಗಾಗಿ ಅವರು ತಮ್ಮ ಹಸಿರು ಟೆಸ್ಟ್ ಟೋಪಿಯನ್ನು ಹರಾಜಿಗೆ ಇಟ್ಟಾಗ 10,07,500 ಆಸ್ಟ್ರೇಲಿಯನ್ ಡಾಲರ್ ಬಂತು. ಅದೇ ವರ್ಷದ ಕೊನೆಯಲ್ಲಿ ಡಾನ್ ಬ್ರಾಡ್ಮನ್ 1928ರಲ್ಲಿ ಮೊದಲ ಟೆಸ್ಟ್‌ಗೆ ಪಡೆದ ಟೋಪಿ ಮಾರಾಟವಾಯಿತು. ಬಂದದ್ದು 4,50,000 ಡಾಲರ್. ಬ್ರಾಡ್ಮನ್‌ಗಿಂತ ದೊಡ್ಡ ಹೆಸರು ಆ ದೇಶದ ಕ್ರಿಕೆಟ್‌ನಲ್ಲಿ ಇದೆಯಾ? ಆದರೂ ವಾರ್ನ್ ಟೋಪಿಗೆ ಎರಡು ಪಟ್ಟಿಗಿಂತ ಜಾಸ್ತಿ ಬಂತು. ಸಹಾಯಾರ್ಥ ಹರಾಜು, ದೇಶವೇ ಉರಿಯುತ್ತಿದ್ದ ಸಮಯ, ಕೈಯೆತ್ತಿ ಕೊಟ್ಟವರು ವಾರ್ನ್ ಅವರೇ. ಬೆಲೆಯನ್ನು ಇವೆಲ್ಲ ಸೇರಿ ಮೇಲಕ್ಕೆ ಎತ್ತಿದವು.

ಮೋಸವೇ ಬೆಲೆ ತಂದುಕೊಟ್ಟ ಉದಾಹರಣೆಯೂ ಇದೆ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಚೆಂಡು ತಳ್ಳಿ ಗೋಲು ಹೊಡೆದರು. ನಾಲ್ಕೇ ನಿಮಿಷದ ನಂತರ ಅರ್ಧ ಮೈದಾನ ದಾಟಿ ಇನ್ನೊಂದು ಗೋಲು ಹೊಡೆದರು. ಮೊದಲನೆಯದು ಫುಟ್‌ಬಾಲ್‌ನ ಅತಿ ದೊಡ್ಡ ಮೋಸ, ಎರಡನೆಯದು ಅತಿ ಸುಂದರ ಗೋಲು. ಆ ದಿನದ ಅವರ ಶರ್ಟ್ 2022ರಲ್ಲಿ ಸದಬೀಸ್ ಹರಾಜಿನಲ್ಲಿ ಸುಮಾರು 71 ಲಕ್ಷ ಪೌಂಡ್‌ಗೆ ಹೋಯಿತು. ಶರ್ಟ್ ಇದ್ದದ್ದು ಎದುರು ತಂಡದ ಸ್ಟೀವ್ ಹಾಡ್ಜ್ ಹತ್ತಿರ. ಪಂದ್ಯ ಮುಗಿದ ಮೇಲೆ ಇಬ್ಬರೂ ಶರ್ಟ್ ಬದಲಿಸಿಕೊಂಡಿದ್ದರು. ಹರಾಜಿಗೆ ಮುಂಚೆ ಮರಡೋನಾ ಕುಟುಂಬದವರು, ಇದು ಮೊದಲ ಅರ್ಧದಲ್ಲಿ ಹಾಕಿದ್ದ ಶರ್ಟ್, ಗೋಲು ಹೊಡೆದಾಗ ಹಾಕಿದ್ದು ಇದಲ್ಲ ಅಂದರು. ಸದಬೀಸ್‌ನವರು ಬಟ್ಟೆಯ ಮೇಲಿನ ಗುರುತುಗಳನ್ನು ಆ ದಿನದ ಫೋಟೊಗಳ ಜೊತೆ ಒಂದೊಂದಾಗಿ ಹೋಲಿಸಿ, ಇದೇ ಶರ್ಟ್ ಅಂತ ತೋರಿಸಿದರು. ಮೋಸ ಮಾಡಿದ್ದು ಎಲ್ಲರಿಗೂ ಗೊತ್ತಿತ್ತು, ಅದರ ಬಗ್ಗೆ ಯಾರೂ ಜಗಳ ಆಡಲಿಲ್ಲ. ಜಗಳ ಆಗಿದ್ದು ಇದು ಅದೇ ಶರ್ಟಾ ಅಲ್ಲವಾ ಅನ್ನುವುದರ ಮೇಲೆ.

ಕ್ರಿಕೆಟ್‌ನಲ್ಲಿ ತಪ್ಪಿಗೆ ತಪ್ಪಿಗೆ ವ್ಯತ್ಯಾಸ ಇದೆ. 2018ರಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡಿಗೆ ಸ್ಯಾಂಡ್‌ಪೇಪರ್ ತಿಕ್ಕಿದ ಪ್ರಕರಣದಲ್ಲಿ ಸ್ಟೀವ್ ಸ್ಮಿತ್ ಅಳುತ್ತಾ ಮನೆಗೆ ಹೋದರು. ಮರುವರ್ಷದ ಆಶಸ್ ಸರಣಿಯಲ್ಲಿ 774 ರನ್ ಹೊಡೆದು ಎಲ್ಲರ ಬಾಯಿ ಮುಚ್ಚಿಸಿದರು. ಗೆಲ್ಲಲು ಮಾಡಿದ ಮೋಸವನ್ನು ಅಭಿಮಾನಿ ಕ್ಷಮಿಸುತ್ತಾನೆ. ಸೋಲಲು ದುಡ್ಡು ತೆಗೆದುಕೊಂಡರೆ ಕ್ಷಮಿಸುವುದಿಲ್ಲ. ಯಾಕೆಂದರೆ ಅಲ್ಲಿ ಮೋಸ ಹೋಗುವವನು ಅವನೇ. 2000ದಲ್ಲಿ ಆ ನೋವು ನಮ್ಮ ಮನೆಮನೆಗೂ ಬಂದಿತ್ತು. ರಾತ್ರಿಯಿಡೀ ರೇಡಿಯೊ ಹಿಡಿದು ಕೂತಿದ್ದವರು ಕ್ರಿಕೆಟ್ ನೋಡುವುದನ್ನೇ ಬಿಟ್ಟರು. ನಿಮ್ಮ ಅಣ್ಣನಿಗೆ ಆ ಹೆಸರುಗಳನ್ನು ಒರೆಸಬೇಕು ಅನ್ನಿಸಿದ್ದು ಬರೀ ದುಡ್ಡಿನ ಲೆಕ್ಕದಿಂದ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಕಾದರೆ ಜನ ಮರೆಯುತ್ತಾರೆ ಅಂತ ನೀವು ಬರೆದಿದ್ದೀರಿ. ಮರೆತರೆ ನಿಮಗೇ ನಷ್ಟ. ಈ ಬ್ಯಾಟಿನ ಕಥೆ ನೆನಪಿರುವವರೇ ಇದಕ್ಕೆ ಬೆಲೆ ಕೊಡುವವರು. ಹೆಸರು ಮರಳಿ ಬಂದ ಮೇಲೆ ಬೆಲೆ ಏರುತ್ತದೆ ಅನ್ನುವ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಅದೇ ಹಗರಣದಲ್ಲಿ ಸಿಕ್ಕಿದ್ದ ಅಜಯ್ ಜಡೇಜ ಮೇಲಿನ ನಿಷೇಧವನ್ನು ದೆಹಲಿ ಹೈಕೋರ್ಟ್ 2003ರಲ್ಲೇ ತೆಗೆಯಿತು. ಅಜರ್ ಮೇಲಿನ ನಿಷೇಧ ಕಾನೂನಿನ ಮುಂದೆ ನಿಲ್ಲುವುದಿಲ್ಲ ಅಂತ ಆಂಧ್ರಪ್ರದೇಶ ಹೈಕೋರ್ಟ್ 2012ರಲ್ಲಿ ಹೇಳಿತು. ಅಷ್ಟರಲ್ಲಿ ಅಜರ್ ಮುರಾದಾಬಾದ್‌ನಿಂದ ಲೋಕಸಭೆಗೆ ಗೆದ್ದೂ ಆಗಿತ್ತು. ಆದರೂ ಕೋರ್ಟಿನ ಆದೇಶ ಬಂದ ಮಾರನೇ ದಿನ ಹಳೆಯ ಅಭಿಮಾನಿ ವಾಪಸ್ ಬಂದು ಸಹಿ ಕೊಳ್ಳುವುದಿಲ್ಲ. ಮನಸ್ಸು ಮುರಿದದ್ದು ತೀರ್ಪಿನಿಂದ ಕೂಡಿಕೊಳ್ಳುವುದಿಲ್ಲ.

ಕ್ರೋನಿಯೆ ವಿಷಯ ಬೇರೆ. ಅವರು 2002ರ ಜೂನ್ 1ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 32. ಅಂದರೆ ಅವರ ಸಹಿಗಳ ಸಂಖ್ಯೆ ಅಲ್ಲಿಗೆ ನಿಂತಿದೆ. ಅವರ ದೇಶದಲ್ಲಿ ಅವರನ್ನು ಪ್ರೀತಿಸುವವರು ಇನ್ನೂ ಇದ್ದಾರೆ. 2004ರಲ್ಲಿ ದಕ್ಷಿಣ ಆಫ್ರಿಕಾದ ಟಿವಿಯೊಂದು ದೇಶದ ಮಹಾನ್ ವ್ಯಕ್ತಿಗಳು ಯಾರು ಅಂತ ಜನರಿಂದ ಮತ ಹಾಕಿಸಿತು. ತಪ್ಪೊಪ್ಪಿಕೊಂಡು ನಿಷೇಧಕ್ಕೆ ಒಳಗಾಗಿದ್ದ ಕ್ರೋನಿಯೆ 11ನೇ ಸ್ಥಾನದಲ್ಲಿ ಬಂದರು. ಹಾಗಾಗಿ ನಿಮ್ಮ ಬ್ಯಾಟನ್ನು ಬೆಂಗಳೂರಿನ ಗಿರಾಕಿಗೆ ಮಾತ್ರ ತೋರಿಸಿದರೆ ಸಾಲದು. ಆ ದೇಶದ ಮತ್ತು ಇಂಗ್ಲೆಂಡ್‌ನ ಸಂಗ್ರಹಕಾರರ ಕಣ್ಣಿಗೂ ಬೀಳಬೇಕು.

ನೂರು ವರ್ಷ ಹಳೆಯ ಉದಾಹರಣೆ ಬೇಕಾದರೆ ಶೂಲೆಸ್ ಜೋ ಜಾಕ್ಸನ್ ಇದ್ದಾರೆ. 1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಫಿಕ್ಸಿಂಗ್‌ನಲ್ಲಿ ಸಿಕ್ಕಿ, ಜೀವನಪೂರ್ತಿ ಆಟದಿಂದ ಹೊರಗೆ ಉಳಿದವರು. ಅವರಿಗೆ ಸರಿಯಾಗಿ ಓದು ಬರಹ ಬರುತ್ತಿರಲಿಲ್ಲ. ಬಹಳ ಸಲ ಹೆಂಡತಿಯೇ ಅವರ ಪರವಾಗಿ ಸಹಿ ಹಾಕುತ್ತಿದ್ದರು. ಹಾಗಾಗಿ ಜಾಕ್ಸನ್ ಕೈಬರಹದ ಸಹಿ ಇವತ್ತು ಆ ಆಟದ ಅತಿ ದುಬಾರಿ ಸಹಿಗಳಲ್ಲಿ ಒಂದು. ಅವರ ಬ್ಯಾಟ್ ‘ಬ್ಲ್ಯಾಕ್ ಬೆಟ್ಸಿ’ 2001ರಲ್ಲಿ ಐದೂಮುಕ್ಕಾಲು ಲಕ್ಷ ಡಾಲರ್‌ಗೆ ಹೋಗಿತ್ತು. ಬೇಸ್‌ಬಾಲ್‌ನ ಮುಖ್ಯಸ್ಥರು ಅವರ ಹೆಸರನ್ನು ನಿಷೇಧದ ಪಟ್ಟಿಯಿಂದ ತೆಗೆದದ್ದು 2025ರ ಮೇ ತಿಂಗಳಲ್ಲಿ. ಅಷ್ಟು ವರ್ಷ ಮಾರುಕಟ್ಟೆ ಅವರ ಕ್ಷಮೆಗಾಗಿ ಕಾದು ಕೂತಿರಲಿಲ್ಲ.

ಹೆಸರಿನ ಚಿಂತೆಗಿಂತ ದೊಡ್ಡ ಚಿಂತೆ ಒಂದಿದೆ. ನೀವು ಪತ್ರದಲ್ಲಿ ಅದನ್ನು ಕೇಳಿಲ್ಲ. ಈ ಸಹಿಗಳು ನಿಜವಾದವು ಅಂತ ಹೇಗೆ ತೋರಿಸುತ್ತೀರಿ? ತಂದೆಯವರ ಮೇಲೆ ನಿಮಗೆ ನಂಬಿಕೆ ಇದೆ. ಕೊಳ್ಳುವವನಿಗೆ ಅವರು ಯಾರೋ ಗೊತ್ತಿಲ್ಲ.

1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ನಕಲಿ ಸಹಿಗಳ ಒಂದು ದೊಡ್ಡ ಜಾಲವನ್ನೇ ಹಿಡಿಯಿತು. ಆ ಕಾರ್ಯಾಚರಣೆಗೆ ಬುಲ್‌ಪೆನ್ ಅಂತ ಹೆಸರು. ಅಲ್ಲಿ ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಚೆಂಡುಗಳೂ ಇದ್ದವು! ಕೊಳ್ಳುವವರು ಇದ್ದರು, ಅದಕ್ಕೇ ಮಾಡುವವರು ಇದ್ದರು. ಕ್ರಿಕೆಟ್ ಇದರಿಂದ ದೂರ ಇಲ್ಲ. 1968ರಲ್ಲಿ ಸ್ವಾನ್ಸಿಯಲ್ಲಿ ಗ್ಯಾರಿ ಸೋಬರ್ಸ್ ಒಂದೇ ಓವರ್‌ನಲ್ಲಿ ಆರು ಸಿಕ್ಸರ್ ಹೊಡೆದ ಚೆಂಡು ಅಂತ ಒಂದು ಚೆಂಡು 2006ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 26,400 ಪೌಂಡ್‌ಗೆ ಮಾರಾಟವಾಯಿತು. ಆಮೇಲೆ ಆ ಓವರ್ ಬೌಲ್ ಮಾಡಿದ ಮಾಲ್ಕಮ್ ನ್ಯಾಶ್ ಅವರೇ, ಇದು ನನ್ನ ಚೆಂಡಲ್ಲ ಅಂದರು. ತಾವು ಎಸೆದದ್ದು ಡ್ಯೂಕ್ಸ್ ಕಂಪನಿಯ ಚೆಂಡು, ಮಾರಿದ್ದು ಸರಿಡ್ಜ್ ಕಂಪನಿಯದು ಅನ್ನುವುದು ಅವರ ಮಾತು. ಸೋಬರ್ಸ್ ಹೆಸರಿಗೆ ಒಂದು ಚುಕ್ಕೆ ಕಳಂಕ ಇಲ್ಲ. ಹಾಗಿದ್ದೂ ಚೆಂಡಿನ ಮೇಲೆ ಅನುಮಾನ ಬಿತ್ತು. ಆಟಗಾರನ ಕೆಟ್ಟ ಹೆಸರಿನಿಂದ ಬೆಲೆ ಇಳಿಯಬಹುದು. ವಸ್ತುವಿನ ಮೇಲೆ ಅನುಮಾನ ಬಂದರೆ ಬೆಲೆಯೇ ಇರುವುದಿಲ್ಲ.

ನಿಮ್ಮ ಬ್ಯಾಟಿನ ಮೇಲೆ ಇರುವುದು ನಿಜವಾದ ಮಸಿಯಾ, ಅಚ್ಚಾ ಅಂತ ಮೊದಲು ನೋಡಿ. ಅಂಗಡಿಗಳಲ್ಲಿ ಅಚ್ಚಾದ ಸಹಿಗಳಿರುವ ಬ್ಯಾಟುಗಳೂ ಸಿಗುತ್ತಿದ್ದವು, ಎಷ್ಟೋ ಮನೆಗಳಲ್ಲಿ ಅವನ್ನೇ ಅಸಲಿ ಅಂತ ಜೋಪಾನ ಮಾಡಿದ್ದಾರೆ. ಒಂದು ಭೂತಗನ್ನಡಿ ಹಿಡಿಯಿರಿ. ಅಚ್ಚಾದರೆ ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ, ಚಿಕ್ಕ ಚಿಕ್ಕ ಚುಕ್ಕೆ ಕಾಣಬಹುದು. ಕೈಯಿಂದ ಬರೆದದ್ದಾದರೆ ಪೆನ್ನು ಇಟ್ಟ ಕಡೆ, ತಿರುಗಿಸಿದ ಕಡೆ ಮಸಿ ದಟ್ಟವಾಗಿರುತ್ತದೆ, ಎಳೆದು ಬಿಟ್ಟ ಕಡೆ ತೆಳ್ಳಗಾಗುತ್ತದೆ. ಒಂದು ಸಹಿ ಇನ್ನೊಂದರ ಮೇಲೆ ಹಾದುಹೋದ ಜಾಗ ಸಿಕ್ಕಿದರೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗೊತ್ತಾಗುತ್ತದೆ. ಮರದ ಎಳೆಯಲ್ಲಿ ಮಸಿ ಸ್ವಲ್ಪ ಹರಡಿರುತ್ತದೆ. ಅಕ್ಷರಗಳ ವಾಲು, ವೇಗ ಬೇರೆ ಬೇರೆ ಇರಬೇಕು. ಎಲ್ಲ ಹೆಸರುಗಳೂ ಒಂದೇ ಕೈಯಿಂದ ಬಂದ ಹಾಗೆ ಕಂಡರೆ, ಡ್ರೆಸ್ಸಿಂಗ್ ರೂಮಿನಲ್ಲಿ ಯಾರೋ ಒಬ್ಬರು ಉಳಿದವರ ಪರವಾಗಿ ಬರೆದುಕೊಟ್ಟಿರಬಹುದು. ಹೀಗೂ ಆಗುತ್ತದೆ, ತಂದೆಯವರಿಗೆ ಅದು ತಿಳಿಯದೇ ಇದ್ದಿರಬಹುದು.

ಆಮೇಲೆ ಆ ಟೆಸ್ಟ್‌ನ ಸ್ಕೋರ್‌ಕಾರ್ಡ್ ಮುಂದೆ ಇಟ್ಟುಕೊಂಡು ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡಿ. ಆ ಸರಣಿಯಲ್ಲಿ ಎಲ್ಲೂ ಇಲ್ಲದ ಆಟಗಾರನ ಹೆಸರು ಬ್ಯಾಟಿನ ಮೇಲೆ ಇದ್ದರೆ, ಬ್ಯಾಟ್ ಬೇರೆ ಪಂದ್ಯದ್ದು ಅಥವಾ ಸಹಿಗಳು ಬೇರೆ ಬೇರೆ ಕಾಲದವು. ಅದನ್ನು ಮುಚ್ಚಿಡಬೇಡಿ, ಇದ್ದ ಹಾಗೆ ಹೇಳಿ.

ಇದಕ್ಕಿಂತ ಮುಖ್ಯ ಬ್ಯಾಟಿನ ಸುತ್ತಲಿನ ಕಾಗದಗಳು. ಅದೇ ಬೀರುವಿನಲ್ಲಿ ಇನ್ನೂ ಹುಡುಕಿ. ಆ ಟೆಸ್ಟಿನ ಟಿಕೆಟ್ ಚೂರು, ಪಾಸ್, ತಂದೆಯವರು ಆಟಗಾರರ ಜೊತೆ ನಿಂತ ಫೋಟೊ, ಡೈರಿಯ ಒಂದು ಸಾಲು, ಕ್ಲಬ್ಬಿನಿಂದ ಬಂದ ಕಾಗದ, ಏನಿದ್ದರೂ ಸರಿ. ಫೋಟೊ ಹಿಂದೆ ತಾರೀಖು ಬರೆದಿದ್ದರೆ ಇನ್ನೂ ಒಳ್ಳೆಯದು. ಬ್ಯಾಟ್ ಎಲ್ಲಿ, ಯಾರ ಮೂಲಕ ಸಹಿ ಆಯಿತು ಅಂತ ಗೊತ್ತಿರುವ ಕ್ಲಬ್ಬಿನ ಗೆಳೆಯರು ಯಾರಾದರೂ ಇದ್ದರೆ, ಅವರಿಂದ ಈಗಲೇ ಬರೆಸಿಕೊಳ್ಳಿ. ಅವರಿಗೂ ವಯಸ್ಸಾಗಿರುತ್ತದೆ. ನೀವೂ ಒಂದು ಪುಟ ಬರೆದಿಡಿ. ನಿಮಗೆ ಗೊತ್ತಿರುವುದನ್ನು ಮಾತ್ರ ಬರೆಯಿರಿ. ‘ತಂದೆ ಹೇಳುತ್ತಿದ್ದರು’ ಅನ್ನುವುದನ್ನು ಹಾಗೆಯೇ ಬರೆಯಿರಿ, ‘ನಾನು ನೋಡಿದೆ’ ಅಂತ ಮಾಡಬೇಡಿ. ನನ್ನ ಅನುಭವದಲ್ಲಿ ಅಂಗಡಿಯವರು ಕೊಡುವ ಹೊಳೆಯುವ ಸರ್ಟಿಫಿಕೇಟಿಗಿಂತ ಇಂಥ ಕಾಗದಕ್ಕೆ ತಿಳಿದವರು ಜಾಸ್ತಿ ಬೆಲೆ ಕೊಡುತ್ತಾರೆ.

ಈಗ ಮಾರುವ ಮಾತು. ಪೇಪರಿನಲ್ಲಿ ಓದುವ ಹರಾಜಿನ ಬೆಲೆಗಳನ್ನು ತಲೆಯಲ್ಲಿ ಇಟ್ಟುಕೊಂಡು ಹೊರಡಬೇಡಿ. 2024ರ ಆಗಸ್ಟ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಮತ್ತು ಪತ್ನಿ ಆತಿಯಾ ಶೆಟ್ಟಿ ಮಕ್ಕಳ ಸಹಾಯಕ್ಕಾಗಿ ಒಂದು ಹರಾಜು ಮಾಡಿದರು. ವಿರಾಟ್ ಕೊಹ್ಲಿ ಜೆರ್ಸಿ 40 ಲಕ್ಷ ರೂಪಾಯಿಗೆ ಹೋಯಿತು, ಗ್ಲೌಸ್ 28 ಲಕ್ಷಕ್ಕೆ. ರೋಹಿತ್ ಬ್ಯಾಟ್ 24 ಲಕ್ಷ, ಧೋನಿ ಬ್ಯಾಟ್ 13 ಲಕ್ಷ, ದ್ರಾವಿಡ್ ಬ್ಯಾಟ್ 11 ಲಕ್ಷ. ಈ ಪಟ್ಟಿಯನ್ನು ನೋಡಿ ದ್ರಾವಿಡ್‌ಗಿಂತ ಕೊಹ್ಲಿ ನಾಲ್ಕು ಪಟ್ಟು ದೊಡ್ಡವರು ಅಂತ ಯಾರೂ ಹೇಳುವುದಿಲ್ಲ. ಅದು ಒಳ್ಳೆಯ ಕೆಲಸಕ್ಕೆ ಕೊಟ್ಟ ದುಡ್ಡು, ಆಟಗಾರರು ತಾವೇ ಕೈಯಾರೆ ಕೊಟ್ಟ ವಸ್ತುಗಳು. ನೀರಜ್ ಚೋಪ್ರಾ ಅವರ ಟೋಕಿಯೊ ಒಲಿಂಪಿಕ್ಸ್ ಭರ್ಜಿಗೆ 2021ರ ಇ–ಹರಾಜಿನಲ್ಲಿ 1.5 ಕೋಟಿ ಬಂದಾಗ ಕೊಂಡದ್ದು ಬಿಸಿಸಿಐ. ನಿಮ್ಮ ಬ್ಯಾಟ್ ಕೊಳ್ಳಲು ಬರುವವರು ಈ ಥರದವರಲ್ಲ. ಬ್ಯಾಟನ್ನು ಕೈಯಲ್ಲಿ ಹಿಡಿದು ನೋಡದೆ ನಾನು ಒಂದು ಅಂಕಿ ಹೇಳಿದರೆ ಅದು ನಿಮಗೆ ಮಾಡುವ ಅನ್ಯಾಯ.

ಒಂದೇ ಕಡೆ ತೋರಿಸಿ ಬಂದ ಮೊದಲ ಬೆಲೆಗೆ ಕೊಡಬೇಡಿ. ಕ್ರಿಕೆಟ್ ವಸ್ತುಗಳಿಗೆ ದೊಡ್ಡ ಮಾರುಕಟ್ಟೆ ಇಂಗ್ಲೆಂಡ್‌ನಲ್ಲಿದೆ. ನೈಟ್ಸ್, ಬೋನಮ್ಸ್ ಥರದ ಹರಾಜು ಸಂಸ್ಥೆಗಳಿಗೆ ಫೋಟೊ ಕಳಿಸಿ ಅಂದಾಜು ಕೇಳಬಹುದು. ಮಾರುವವರಿಂದ ಎಷ್ಟು ಕಮಿಷನ್, ಕೊಳ್ಳುವವರಿಂದ ಎಷ್ಟು, ವಿಮೆ ಮತ್ತು ಸಾಗಣೆ ಖರ್ಚು ಯಾರದ್ದು, ಮಾರಾಟವಾಗದಿದ್ದರೆ ವಾಪಸ್ ತರಿಸುವ ಖರ್ಚು ಯಾರದ್ದು ಅಂತ ಮೊದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವ ರಿಸರ್ವ್ ಬೆಲೆಯನ್ನು ನಿಗದಿ ಮಾಡಿ. ತೀರಾ ಮೇಲೆ ಇಡಬೇಡಿ. ಒಮ್ಮೆ ಮಾರಾಟವಾಗದೆ ಉಳಿದ ವಸ್ತುವನ್ನು ಮುಂದಿನ ಸಲ ಜನ ಅನುಮಾನದಿಂದ ನೋಡುತ್ತಾರೆ.

ಸಮಯದ ಬಗ್ಗೆ ಒಂದು ಮಾತು. ಫಿಕ್ಸಿಂಗ್ ಸುದ್ದಿ ಟಿವಿಯಲ್ಲಿ ಕುದಿಯುತ್ತಿರುವಾಗ ಇದನ್ನು ಹೊರಗೆ ತರಬೇಡಿ. ಆಗ ಬರುವವರು ಬರೀ ಕುತೂಹಲಕ್ಕೆ ಬರುತ್ತಾರೆ, ದುಡ್ಡು ಬಿಚ್ಚುವುದಿಲ್ಲ. ಸುದ್ದಿ ತಣ್ಣಗಿರುವಾಗ, ದಕ್ಷಿಣ ಆಫ್ರಿಕಾ ತಂಡ ಭಾರತಕ್ಕೆ ಬರುವ ಋತುವಿಗೆ ಸ್ವಲ್ಪ ಮುಂಚೆ ಇಟ್ಟರೆ ಒಳ್ಳೆಯದು.

ವಿವರಣೆಯಲ್ಲಿ ನೇರವಾಗಿ ಬರೆಯಿರಿ: 2000ದ ಮಾರ್ಚ್‌ನ ಬೆಂಗಳೂರು ಟೆಸ್ಟ್ ಸಮಯದಲ್ಲಿ ಎರಡೂ ತಂಡಗಳವರು ಸಹಿ ಹಾಕಿದ ಬ್ಯಾಟ್, ಕ್ರೋನಿಯೆ ಮತ್ತು ಅಜರುದ್ದೀನ್ ಇಬ್ಬರಿಗೂ ಇದು ಕೊನೆಯ ಟೆಸ್ಟ್. ಇಷ್ಟು ಸಾಕು. ‘ಸಚಿನ್ ಬ್ಯಾಟ್’ ಅಂತ ಹೆಸರಿಟ್ಟು ಮಾರಲು ಹೋಗಬೇಡಿ, ಸಚಿನ್ ಸಹಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಸುಮ್ನೆ ‘ಮೋಸಗಾರರ ಬ್ಯಾಟ್’ ಅಂತಲೂ ಬರೆಯಬೇಡಿ. ಅಜರ್ ವಿಷಯದಲ್ಲಿ ಕೋರ್ಟಿನ ತೀರ್ಪು ಇದೆ, ಅವರ ಬಗ್ಗೆ ಹಗುರವಾಗಿ ಬರೆಯುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ. ಪಂದ್ಯದ ಹೆಸರು ಓದಿದರೆ ತಿಳಿದವರಿಗೆ ಉಳಿದ ಕಥೆ ಗೊತ್ತಾಗುತ್ತದೆ.

ಆಟೋಗ್ರಾಫ್ ಹಾಳೆಯನ್ನು ಬ್ಯಾಟಿನ ಜೊತೆ ಸೇರಿಸಿ ಮಾರಬೇಡಿ. ಅದರ ಗಿರಾಕಿಯೇ ಬೇರೆ. ಪ್ರಸನ್ನ ನಾಯಕತ್ವದಲ್ಲಿ ಕರ್ನಾಟಕ 1973–74ರಲ್ಲಿ ಮೊದಲ ಸಲ ರಣಜಿ ಗೆದ್ದ ತಂಡದ ಮೂರು ಕಂಬಗಳು ಅವು. ಸತತ 15 ವರ್ಷ ಗೆದ್ದಿದ್ದ ಬಾಂಬೆ ತಂಡವನ್ನು ಸೆಮಿಫೈನಲ್‌ನಲ್ಲಿ ನಿಲ್ಲಿಸಿದವರು. ವಿಶ್ವನಾಥ್ ಅವರ ಹೆಸರಂತೂ ಅಪ್ಪಟ. 1980ರ ಮುಂಬೈ ಜ್ಯುಬಿಲಿ ಟೆಸ್ಟ್‌ನಲ್ಲಿ ನಾಯಕರಾಗಿದ್ದು, ಅಂಪೈರ್ ಔಟ್ ಕೊಟ್ಟಿದ್ದರೂ ಎದುರು ತಂಡ ಇಂಗ್ಲೆಂಡ್‌ನ ಬಾಬ್ ಟೇಲರ್ ಅವರನ್ನು ವಾಪಸ್ ಕರೆದರು, ಆ ಪಂದ್ಯ ಸೋತರು. ಹೀಗಿದ್ದೂ ಇಂಥವರ ಸಹಿಗೆ ಹರಾಜಿನಲ್ಲಿ ಭಾರಿ ಬೆಲೆ ಬರುವುದಿಲ್ಲ. ಯಾಕೆ ಗೊತ್ತಾ? ಇವರು ಕೇಳಿದವರಿಗೆಲ್ಲ ಬೇಸರ ಇಲ್ಲದೆ ಸಹಿ ಹಾಕಿಕೊಟ್ಟವರು. ಎಷ್ಟೋ ಮನೆಗಳಲ್ಲಿ ಅವರ ಸಹಿ ಇದೆ. ಬೆಲೆ ಕಡಿಮೆ ಇರುವುದು ಅವರ ಒಳ್ಳೆಯತನದಿಂದಲೇ. ಆ ಹಾಳೆಯನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಪುಸ್ತಕದಿಂದ ಹರಿಯಬೇಡಿ, ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ.

ಮಾರುವವರೆಗೆ ಬ್ಯಾಟನ್ನು ಬಿಸಿಲಿನಿಂದ, ಟ್ಯೂಬ್‌ಲೈಟಿನಿಂದ ದೂರ ಇಡಿ. ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡ, ಮಸಿ ಅದಕ್ಕೆ ಅಂಟಿಕೊಳ್ಳುತ್ತದೆ. ವಾರ್ನಿಶ್ ಬೇಡ. ಮರ ಒಣಗಿದೆ ಅಂತ ಬ್ಯಾಟಿಗೆ ಎಣ್ಣೆ ಹಚ್ಚುವ ಅಭ್ಯಾಸ ಆಡಿದವರ ಮನೆಯಲ್ಲಿ ಇರುತ್ತದೆ. ಇದಕ್ಕೆ ಹಚ್ಚಬೇಡಿ, ಸಹಿಗಳು ಒಂದೇ ಬೇಸಿಗೆಯಲ್ಲಿ ಹರಡಿಹೋಗುತ್ತವೆ. ಮಾಸಿದ ಸಹಿಯ ಮೇಲೆ ಮತ್ತೆ ಪೆನ್ನು ಆಡಿಸುವುದೂ ಬೇಡ.

ಕೊನೆಯದಾಗಿ, ತಂದೆಯವರ ವಸ್ತು ನಿಮ್ಮೊಬ್ಬರದಲ್ಲ. ತಾಯಿ ಇದ್ದರೆ ತಾಯಿ, ಅಣ್ಣ, ನೀವು, ಎಲ್ಲರೂ ಮಾರಾಟಕ್ಕೆ ಒಪ್ಪಿದ್ದೀರಿ ಅಂತ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಇಟ್ಟುಕೊಳ್ಳಿ. ಒಳ್ಳೆಯ ಹರಾಜು ಸಂಸ್ಥೆ ಈ ಕಾಗದ ಕೇಳುತ್ತದೆ. ದೊಡ್ಡ ಮೊತ್ತ ಬಂದರೆ ತೆರಿಗೆ ಹೇಗೆ ಬೀಳುತ್ತದೆ ಅಂತ ಮಾರುವ ಮುಂಚೆಯೇ ಆಡಿಟರ್ ಹತ್ತಿರ ಕೇಳಿ. ಬ್ಯಾಟಿನ ಎರಡೂ ಬದಿ, ಹಿಡಿ, ಅಂಚು ಮತ್ತು ಪ್ರತಿ ಸಹಿಯ ಹತ್ತಿರದ ಫೋಟೊಗಳನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದು ನನಗೆ ಕಳಿಸಿ. ಕ್ರೋನಿಯೆ ಸಹಿಯ ಫೋಟೊ ಮೊದಲು ಕಳಿಸಿ, ನಾನು ನೋಡಬೇಕಾದದ್ದು ಅದನ್ನೇ.